ಮೈಕಿನಕ್ಕ ಓದಿದ ಕೊಲೆಗಳು

ಆಕೆಯ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ, ಚರ್ಮದ ಒಳಗೆ ಹಗ್ಗ ಇಟ್ಟು ಹೊಲಿದಂತೆ ಉಬ್ಬಿಕೊಂಡಿತ್ತು. ಆ ಉಬ್ಬಿನಲ್ಲಿ ಎರಡು ದಪ್ಪ ಸೂಜಿ, ಸೂಜಿಗಳಿಗೆ ಎರಡು ಕೆಂಪು ಕೊಳವೆ, ಕೊಳವೆಗಳ ಆಚೆ ತುದಿಗೆ ರಕ್ತ ತೊಳೆಯುವ ಮಿಷಿನ್ನು. ನಾಲ್ಕು ತಾಸು ಆ ಕೈ ಅಲುಗಾಡುವಂತಿಲ್ಲ. ಹಾಗಾಗಿ ಆಕೆ ಪುಸ್ತಕವನ್ನು ಬಲಗೈಯಲ್ಲಿ ಎದೆಗೆ ಆನಿಸಿಕೊಂಡು, ಪುಟ ಮುಗಿದಾಗ ಗದ್ದದಿಂದ ತಳ್ಳಿ ತಿರುವುತ್ತಿದ್ದಳು. ಮೊದಲ ಸಲ ನೋಡಿದಾಗ ಈ ಹೆಂಗಸು ಪುಸ್ತಕ ಯಾಕೆ ಮೂಸುತ್ತಿದ್ದಾಳೆ ಎಂದುಕೊಂಡಿದ್ದೆ.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮೇಲೆ ಮೀಟರು ನೋಡುತ್ತ ಆಯುಷ್ಯ ಸವೆಸಿದವನು. ನಿವೃತ್ತಿಯಾಗಿ ಕಾಲು ಚಾಚುವಷ್ಟರಲ್ಲಿ ಕಿಡ್ನಿಗಳು ಕೈಕೊಟ್ಟವು. ರಾಯಚೂರಿನ ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿನಲ್ಲಿ ಮಂಗಳವಾರ, ಗುರುವಾರ, ಶನಿವಾರ ನನಗೊಂದು ಹಾಸಿಗೆ ಗೊತ್ತಾಯಿತು. ಪಕ್ಕದ ಹಾಸಿಗೆ ಆಕೆಯದು. ಮಾನ್ವಿಯ ಬಸ್ ನಿಲ್ದಾಣದಲ್ಲಿ ಬರುವ ಹೋಗುವ ಬಸ್ಸುಗಳ ಹೆಸರನ್ನು ಮೈಕಿನಲ್ಲಿ ಕೂಗುವ ಕೆಲಸ ಮಾಡಿ ನಿವೃತ್ತಳಾದವಳು. ಅಲ್ಲಿ ಎಲ್ಲರೂ ಆಕೆಯನ್ನು ಮೈಕಿನಕ್ಕ ಎನ್ನುತ್ತಿದ್ದರಂತೆ. ವಾರ್ಡಿನಲ್ಲೂ ಆಕೆಗೆ ಆ ಹೆಸರೇ ಉಳಿಯಿತು. ತಂಗಿಯ ಮನೆಯಲ್ಲಿದ್ದಳು, ಮದುವೆಯಾಗಿರಲಿಲ್ಲ. ಮಾನ್ವಿಯಿಂದ ಒಬ್ಬಳೇ ಬಸ್ಸಿನಲ್ಲಿ ಬರುತ್ತಿದ್ದಳು. ಹೊರಡುವುದು ತಡವಾದರೆ ಡ್ರೈವರ್ ಇಂಜಿನ್ ಚಾಲೂ ಇಟ್ಟುಕೊಂಡೇ ಕಾಯುತ್ತಿದ್ದ. ಅಷ್ಟು ವರ್ಷ ತನ್ನ ಬಸ್ಸನ್ನು ಕರೆದ ದನಿಗೆ ಅಷ್ಟಾದರೂ ಮಾಡಬೇಡವೇ ಅನ್ನುತ್ತಿದ್ದನಂತೆ.

ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಏನು ಮಾಡುವುದು? ನಿಲ್ದಾಣದ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತಂದು ಓದುವುದು. ಹಾಗೆ ಹಿಡಿದ ಚಟ. ಅದರಲ್ಲೂ ಒಂದೇ ಮಾಲಿಕೆ, ಒಬ್ಬನೇ ಇನ್‌ಸ್ಪೆಕ್ಟರ್. ಆಕೆ ಕೆಲಸಕ್ಕೆ ಸೇರಿದ ಕಾಲಕ್ಕೆ ಶುರುವಾದ ಆ ಮಾಲಿಕೆ ಆಕೆ ನಿವೃತ್ತಳಾದರೂ ನಿಂತಿರಲಿಲ್ಲ. ಆಗೊಂದು ಈಗೊಂದು ಹೊಸ ಪುಸ್ತಕ ಬರುತ್ತಲೇ ಇತ್ತು. ಇನ್‌ಸ್ಪೆಕ್ಟರಿಗೆ ಮೊಣಕಾಲು ನೋವು. ಹೆಂಡತಿಗೆ ಸಿಡುಕು. ಮಗಳು ಮೊದಲ ಪುಸ್ತಕದಲ್ಲಿ ಹತ್ತನೇ ಇಯತ್ತೆಯಲ್ಲಿದ್ದವಳು ಈಗಲೂ ಹತ್ತನೇ ಇಯತ್ತೆ. ಒಬ್ಬ ಹೆಡ್ ಕಾನ್‌ಸ್ಟೇಬಲ್ ಇದ್ದ, ಬರುವ ವರ್ಷ ನಿವೃತ್ತಿ, ಊರಿಗೆ ಹೋಗಿ ಎಮ್ಮೆ ಕಟ್ಟುತ್ತೇನೆ ಎಂದು ಪುಸ್ತಕದಿಂದ ಪುಸ್ತಕಕ್ಕೆ ಹೇಳುತ್ತಲೇ ಬಂದಿದ್ದ. ಆ ಬರುವ ವರ್ಷ ಬರಲೇ ಇಲ್ಲ.

ಆ ಪುಸ್ತಕಗಳನ್ನು ಆಕೆ ವಾರ್ಡಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಳು. ದನಿ ಮಾತ್ರ ಬಸ್ ನಿಲ್ದಾಣದ್ದೇ. ಬಾವಿಯಲ್ಲಿ ಹೆಣ ತೇಲಿದ್ದನ್ನೂ, ಸಿಂಧನೂರಿನ ಬಸ್ಸು ಬಂದು ನಿಂತಿದ್ದನ್ನೂ ಒಂದೇ ರಾಗದಲ್ಲಿ ಹೇಳುವ ದನಿ. ಕೊಲೆಗಾರ ಚೂರಿ ಎತ್ತಿದ ಕಡೆಯಲ್ಲೂ ಅವಸರವಿಲ್ಲ, ಏರಿಳಿತವಿಲ್ಲ. ಆದರೂ ಆರು ಹಾಸಿಗೆಯವರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನ್ನೊಬ್ಬನನ್ನು ಬಿಟ್ಟು. ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ.

"ಯಾಕ್ರೀ ಸಾಹೇಬ್ರ, ಮುಖ ಹಂಗ ಮಾಡಾಕತ್ತೀರಿ?" ಎಂದಳು ಒಂದು ದಿನ.

"ಟ್ರಾನ್ಸ್‌ಫಾರ್ಮರ್‌ನಾಗ ನೀರು ಸುರುವಿ ಹಂಗ ಕೊಲ್ಲಾಕ ಬರಂಗಿಲ್ರಿ. ಬರದಾಂವಗ ಕರೆಂಟಿಂದು ಗಂಧಾನೂ ಗೊತ್ತಿಲ್ಲ" ಎಂದೆ.

"ಸತ್ತಾಂವ ಅಂತೂ ಸತ್ತಾನಲ್ರೀ. ಮುಂದ ಕೇಳ್ರಿ" ಎಂದು ಗದ್ದದಿಂದ ಪುಟ ತಳ್ಳಿದಳು.

ಹಾಗೆ ನನ್ನನ್ನೂ ಕೇಳುವವರ ಲೆಕ್ಕಕ್ಕೆ ಸೇರಿಸಿಬಿಟ್ಟಳು. ಪ್ರತಿ ಸಲವೂ ಎಲ್ಲಿ ನಿಲ್ಲಿಸಬಾರದೋ ಅಲ್ಲೇ ನಿಲ್ಲಿಸುತ್ತಿದ್ದಳು. ಯಾರು ಎಷ್ಟು ಬೇಡಿದರೂ ಪುಸ್ತಕ ಮನೆಗೆ ಕೊಡುತ್ತಿರಲಿಲ್ಲ. "ಇಲ್ಲೇ ಬಂದು ಕೇಳ್ಬೇಕು" ಅನ್ನುವುದು ಕಟ್ಟಪ್ಪಣೆ. ಅದು ಚೇಷ್ಟೆ ಎಂದು ನಾವು ತಿಳಿದಿದ್ದೆವು.

ಮಿಷಿನ್ನಿಗೆ ಹೋಗುವವರಿಗೆ ಒಂದು ಹಂತದಲ್ಲಿ ಬರುವ ಬೇಸರ ನನಗೂ ಬಂತು. ನೀರು ಅಳತೆ, ಉಪ್ಪು ಅಳತೆ, ಬಾಳೆಹಣ್ಣು ಮುಟ್ಟುವಂತಿಲ್ಲ. ಮರುದಿನ ಮೈಯಲ್ಲಿ ತ್ರಾಣವಿಲ್ಲ, ಅದರ ಮರುದಿನ ಮತ್ತೆ ಸೂಜಿ. ಒಂದು ಶುಕ್ರವಾರ ಹೆಂಡತಿಗೆ ಹೇಳಿಬಿಟ್ಟೆ, "ಸಾಕಾತು. ನಾಳಿಂದ ಹೋಗಂಗಿಲ್ಲ." ಹೋಗದಿದ್ದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಶನಿವಾರ ಬೆಳಿಗ್ಗೆ ಅವಳು ನನ್ನ ಅಂಗಿ ಮಡಿಸಿ ಕುರ್ಚಿಯ ಮೇಲಿಟ್ಟು ಅಡುಗೆಮನೆಗೆ ಹೋದಳು. ನಾನು ಸೂರು ನೋಡುತ್ತ ಮಲಗಿದ್ದೆ. ಸಾವಿನ ಬಗ್ಗೆ ಗಂಭೀರವಾಗಿ ಯೋಚಿಸಬೇಕೆಂದು ಮಲಗಿದವನಿಗೆ ಬೇರೆಯೇ ಒಂದು ವಿಷಯ ಕಾಡತೊಡಗಿತು. ಗುರುವಾರ ಅಕ್ಕ ಓದು ನಿಲ್ಲಿಸಿದಾಗ ಆ ಹೆಡ್ ಕಾನ್‌ಸ್ಟೇಬಲ್‌ನನ್ನು ಅಕ್ಕಿ ಮಿಲ್ಲಿನ ಹೊಟ್ಟಿನ ಗೋದಾಮಿನಲ್ಲಿ ಕೂಡಿಹಾಕಿ ಬೆಂಕಿ ಹಚ್ಚಿದ್ದರು. ಎಮ್ಮೆ ಕಟ್ಟಬೇಕೆಂದಿದ್ದ ಮುದುಕ. ಬದುಕಿದನೋ, ಸುಟ್ಟುಹೋದನೋ? ಎದ್ದು ಚಪ್ಪಲಿ ಹುಡುಕಿದೆ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಯಾಕೆ ಎದ್ದೆನೆಂದು ಅವಳಿಗೆ ಹೇಳಲು ನಾಚಿಕೆಯಾಯಿತು.

ವಾರ್ಡಿಗೆ ತಡವಾಗಿ ಹೋದೆ. ಅಕ್ಕ ಪುಸ್ತಕ ಮುಚ್ಚಿಕೊಂಡು ಕಾಯುತ್ತಿದ್ದಳು. ನನ್ನ ಮುಖ ನೋಡಿದವಳಿಗೆ ಏನು ಅರ್ಥವಾಯಿತೋ, "ಬಂದ್ರ್ಯಾ?" ಎಂದಳು. ನನಗೆ ಸೂಜಿ ಚುಚ್ಚಿ ಮುಗಿದ ಮೇಲೆ ಹೇಳಿದಳು, "ಅಂವ ಸಾಯಂಗಿಲ್ರಿ, ಮುಂದಿನ ಪುಸ್ತಕದಾಗೂ ಅದಾನ. ಇದೊಂದು ಗ್ಯಾರಂಟಿ ನೋಡ್ರಿ ಇದರಾಗ. ನಮ್ಮಂಥೋರಿಗೆ ಬ್ಯಾರೆ ಯಾರ್ ಕೊಡ್ತಾರ ಇಂಥಾ ಗ್ಯಾರಂಟಿ?"

ಆಕೆಯ ಕಟ್ಟಪ್ಪಣೆಯ ಅರ್ಥ ನನಗೆ ಆ ದಿನ ತಿಳಿಯಿತು. ಆಕೆ ನಮ್ಮನ್ನು ಗುರುವಾರದಿಂದ ಶನಿವಾರಕ್ಕೆ, ಶನಿವಾರದಿಂದ ಮಂಗಳವಾರಕ್ಕೆ ದಾಟಿಸುತ್ತಿದ್ದಳು.

ಮೂಲೆಯ ಹಾಸಿಗೆಯಲ್ಲಿ ಒಬ್ಬ ತಾತ ಇದ್ದ. ದೇವದುರ್ಗದವನು, ಹತ್ತಿ ಮಿಲ್ಲಿನಲ್ಲಿ ಕಾವಲಿದ್ದವನು. ಓದಲು ಬರುತ್ತಿರಲಿಲ್ಲ. ಆದರೆ ಕಳ್ಳರ ವಿಷಯದಲ್ಲಿ ತನಗಿಂತ ತಿಳಿದವರಿಲ್ಲ ಎಂಬ ಹಮ್ಮು. ಕತೆಯ ನಡುವೆ ಬಾಯಿ ಹಾಕಿ, "ಆ ಗುಮಾಸ್ತನೇ ಕೊಂದಾನ, ಬರ್ಕೊಳ್ರಿ" ಎಂದು ಕೂಗುತ್ತಿದ್ದ. ಒಮ್ಮೆಯೂ ಸರಿಯಾಗಲಿಲ್ಲ. ಸೂಜಿ ಹಾಕಲು ಅವನ ಕೈಯಲ್ಲಿ ಜಾಗ ಉಳಿದಿರಲಿಲ್ಲ. ಕುತ್ತಿಗೆಗೆ ಕೊಳವೆ ಹಾಕಿದ ಜಾಗವೂ ಎರಡು ಸಲ ಕೀವಾಗಿತ್ತು.

ಒಂದು ಗುರುವಾರ ಓದು ಮುಗಿದು ಎಲ್ಲರೂ ಏಳುವಾಗ ತಾತ ಮಗನ ಹೆಗಲ ಮೇಲೆ ಕೈ ಊರಿಕೊಂಡು ಅಕ್ಕನ ಹಾಸಿಗೆಯ ಹತ್ತಿರ ಬಂದ.

"ಯವ್ವಾ, ಇನ್ನ ನಾ ಬರಂಗಿಲ್ಲ. ಮನ್ಯಾಗ ಎಲ್ಲರಿಗೂ ಹೇಳೀನಿ. ಯಾರ್ ಕೊಂದಾರ, ಅದೊಂದು ಹೇಳಿಬಿಡು. ಹೋಗ್ತೀನಿ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಆದರೂ ನಗುತ್ತ, "ಶನಿವಾರ ಬಾ ತಾತಾ. ಬಂದ್ರ ಹೇಳ್ತೀನಿ" ಎಂದಳು.

"ಹಂಗ ಮಾಡಬ್ಯಾಡ ಯವ್ವಾ. ಈಗ ಹೇಳು."

"ಇಲ್ಲ. ಶನಿವಾರ."

ಮಗ ತಾತನನ್ನು ಮೆಲ್ಲಗೆ ಎಳೆದ. ಹೋದರು.

ಶನಿವಾರ ತಾತ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಆ ವಾರ ಕಳೆದ ಮೇಲೆ ಮಗ ಆಸ್ಪತ್ರೆಯ ಕಾಗದ ಪತ್ರ ಒಯ್ಯಲು ಬಂದವನು ವಾರ್ಡಿಗೂ ಬಂದು ಕೈ ಮುಗಿದ. ಬೋಳಿಸಿದ ಅವನ ತಲೆ ನೋಡಿಯೇ ನಮಗೆ ತಿಳಿಯಿತು. ಅಕ್ಕ ಅವನ ಕೈ ಹಿಡಿದುಕೊಂಡು, "ನನ್ನ ಬಗ್ಗೆ ಏನರ ಅಂದ್ನೇನಪಾ?" ಎಂದು ಕೇಳಿದಳು. ಅವನು ಇದ್ದದ್ದು ಇದ್ದಂತೆ ಹೇಳುವ ಹುಡುಗ. "ಇಲ್ರೀ ಯವ್ವಾ. ಆ ಕತಿ ಬಗ್ಗೆ ಎರಡು ಸಲ ಕೇಳಿದ. ನಮಗ ಗೊತ್ತಿರಲಿಲ್ಲ" ಎಂದ.

ಆಮೇಲೆ ಅನೇಕ ದಿನ ಅಕ್ಕ ಓದಲಿಲ್ಲ. ಒಂದು ದಿನ ನನ್ನ ಕಡೆ ತಿರುಗಿ ತಾನಾಗಿಯೇ ಹೇಳಿದಳು, "ಒಂದು ಹೆಸರು ಸಾಹೇಬ್ರ. ಅದೂ ಯಾರೋ ಕಟ್ಟಿದ ಹೆಸರು. ಅದನ್ನೊಂದು ಕೊಟ್ಟು ಕಳಿಸಿದ್ರ ನನ್ನ ಗಂಟೇನು ಹೋಗ್ತಿತ್ತು? ಅಂವ ಹೋಗಾಕ ತಯಾರಾಗಿದ್ದ. ನಾನೇ ತಯಾರಿರಲಿಲ್ಲ."

"ನೀವು ಬರಲಿ ಅಂತ ಮಾಡಿದ್ರಿ" ಎಂದೆ.

"ಹೌದು. ಬರಲಿಲ್ಲಲ್ಲ" ಎಂದು ಮುಖ ಆಚೆ ಮಾಡಿದಳು.

ಮತ್ತೆ ಓದಲು ಶುರುಮಾಡಿದ ದಿನ ಆಕೆಯ ಪದ್ಧತಿಯೇ ಬದಲಾಗಿತ್ತು. ಹೊಸ ಪುಸ್ತಕ ತೆಗೆದು, ಮೊದಲ ಸಾಲು ಓದುವ ಮುಂಚೆ, ಅದೇ ಬಸ್ ನಿಲ್ದಾಣದ ದನಿಯಲ್ಲಿ ಹೇಳಿಬಿಟ್ಟಳು, "ಎಲ್ಲರೂ ಕೇಳ್ರಿ. ಇದರಾಗ ಕೊಂದಾಕಿ ಸತ್ತಾಂವನ ಅತ್ತಿಗಿ. ಈಗ ಶುರು ಮಾಡ್ತೀನಿ." ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನನಗೆ ಸಿಟ್ಟೇ ಬಂತು. ಹೆಸರು ಹೇಳಿದ ಮೇಲೆ ಪತ್ತೇದಾರಿಯಲ್ಲಿ ಉಳಿಯುವುದೇನು, ಇನ್ನು ಯಾರು ಕೇಳುತ್ತಾರೆ, ಎಂದೆ. ಒಳಗೊಳಗೆ ಬೇರೆ ಹೆದರಿಕೆ. ಕಾಯುವುದಕ್ಕೆ ಏನೂ ಇಲ್ಲದಿದ್ದರೆ ಮತ್ತೊಂದು ಶುಕ್ರವಾರ ನಾನು ಏನು ಮಾಡುತ್ತೇನೋ?

ಆದರೆ ಎಲ್ಲರೂ ಕೇಳಿದರು. ಗುರುವಾರ ಬಂದರು, ಶನಿವಾರ ಬಂದರು. ನಾನೂ ಬಂದೆ. ಅತ್ತಿಗೆ ಪುಟಪುಟಕ್ಕೂ ಸುಳ್ಳು ಹೇಳುವುದನ್ನು ಕೇಳಿ ನಮಗೆ ಎಲ್ಲ ಗೊತ್ತು ಎಂಬ ಖುಷಿಯಲ್ಲಿ ನಗುತ್ತಿದ್ದೆವು. ಇನ್‌ಸ್ಪೆಕ್ಟರಿಗೇ ಗೊತ್ತಿಲ್ಲವಲ್ಲ ಎಂದು ಅವನ ಮೇಲೆ ಕರುಣೆ ಬರುತ್ತಿತ್ತು.

"ನೋಡಿದ್ರ್ಯಾ?" ಎಂದಳು ಅಕ್ಕ. "ಕೊಂದಾಂವನ್ನ ನೋಡಾಕ ಯಾರೂ ಬರಂಗಿಲ್ರಿ. ಅಂವ ಪುಸ್ತಕಕ್ಕೊಬ್ಬ, ಬರ್ತಾನ ಹೋಗ್ತಾನ. ಇನ್‌ಸ್ಪೆಕ್ಟರಂದು ಮೊಣಕಾಲು ಹೆಂಗದ, ಹೆಂಡ್ತಿ ಇವತ್ತ ಬೈದಳೋ ಇಲ್ಲೋ, ಅದನ್ನ ನೋಡಾಕ ಬರ್ತೀವಿ. ನಮ್ಮ ಓಣಿ ಮಂದಿ ಆಗ್ಯಾರ ಅವರು."

ಇಷ್ಟು ವರ್ಷ ಒಂದೇ ಮಾಲಿಕೆಯನ್ನು ಜನ ಯಾಕೆ ಓದುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಬರಬರುತ್ತ ಆಕೆಯ ಹೃದಯ ಸೋತಿತು. ಮಿಷಿನ್ನಿಗೆ ಹಚ್ಚಿದ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಮೇಲಾಗುತ್ತಿತ್ತು. ಸಿಸ್ಟರ್ ಓಡಿ ಬಂದು ಕಾಲು ಎತ್ತಿ ಹಿಡಿಯುತ್ತಿದ್ದಳು. ಓದುವ ಶಕ್ತಿ ಹೋದಾಗ ಪುಸ್ತಕ ನನ್ನ ಕೈಗೆ ಬಂತು. ನನ್ನ ಓದು ಕೇಳಿ, "ಅಷ್ಟು ಒದರಬ್ಯಾಡ್ರಿ ಸಾಹೇಬ್ರ, ಸುಮ್ನ ಹೇಳ್ರಿ. ಬಸ್ಸು ಬಂದದ ಅಂತ ಹೇಳಿದಂಗ" ಎಂದು ತಿದ್ದುತ್ತಿದ್ದಳು. ಆಮೇಲೆ ಆಕೆಯನ್ನು ಮೇಲಿನ ಮಹಡಿಯಲ್ಲಿ ದಾಖಲು ಮಾಡಿದರು.

ಆ ವಾರವೇ ಮಾಲಿಕೆಯ ಹೊಸ ಪುಸ್ತಕ ಬಂತು. ರಾಯಚೂರಿನ ನಿಲ್ದಾಣದಲ್ಲಿ ಕೊಂಡು, ಹೆಸರು ಮೊದಲೇ ಹೇಳಬೇಕಲ್ಲ ಎಂದು ಇಡೀ ಪುಸ್ತಕ ಓದಿಕೊಂಡೆ. ಶನಿವಾರ ನನ್ನ ಮಿಷಿನ್ನು ಮುಗಿದ ಮೇಲೆ ಗೋಡೆ ಹಿಡಿದು ಮೇಲೆ ಹೋದೆ. ಅಕ್ಕ ಆಕ್ಸಿಜನ್ ಮುಖವಾಡ ಹಾಕಿಕೊಂಡು ಒರಗಿದ್ದಳು. ತಂಗಿ ಕಾಲು ಒತ್ತುತ್ತಿದ್ದಳು. ಪುಸ್ತಕ ತೋರಿಸಿದೆ. ಅಕ್ಕನ ಕಣ್ಣುಗಳು ಅರಳಿದವು.

"ಅಕ್ಕಾ, ಮೊದಲ ಹೆಸರು ಹೇಳ್ತೀನಿ" ಎಂದು ಬಗ್ಗಿದೆ.

ಆಕೆ ಬಲಗೈ ಎತ್ತಿ ನನ್ನ ಬಾಯಿಯ ಹತ್ತಿರ ತಂದಳು. ಮುಖವಾಡ ಸರಿಸಿದಳು.

"ಬ್ಯಾಡ್ರಿ ಸಾಹೇಬ್ರ. ನನಗ ಹೇಳಬ್ಯಾಡ್ರಿ."

"ನೀವೇ ಮಾಡಿದ ಪದ್ಧತಿ ಅಲ್ರೀ ಅಕ್ಕಾ?"

"ನನಗ ಬ್ಯಾಡ. ಇವತ್ತ ಒಂದೀಟು ಓದ್ರಿ. ಮಂಗಳವಾರ ಮತ್ತೊಂದೀಟು."

ಓದಿದೆ. ಇನ್‌ಸ್ಪೆಕ್ಟರ್ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವಾಗ ಫೋನು ಬರುವಲ್ಲಿಗೆ ಆಕೆಗೆ ನಿದ್ದೆ ಹತ್ತಿತು. ನಾನು ಪುಸ್ತಕ ಮುಚ್ಚಿದೆ. ಹೆಸರು ನನ್ನ ನಾಲಿಗೆಯ ಮೇಲಿತ್ತು. ಆಕೆಗೆ ಮಂಗಳವಾರ ಬೇಕಾಗಿತ್ತು, ಅಷ್ಟು ನನಗೆ ತಿಳಿದಿತ್ತು. ಮಂಗಳವಾರ ಕೊಡುವುದು ನನ್ನ ಕೈಯಲ್ಲಿ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಮಣ್ಣು ಮಂಗಳವಾರ ಮಾನ್ವಿಯಲ್ಲಿ. ನಮ್ಮ ಕಾಯಿಲೆಗೆ ಶೋಕದ ರಜೆ ಇಲ್ಲ. ಅಲ್ಲಿ ಆಕೆಯನ್ನು ಸಮಾಧಿಯಲ್ಲಿ ಕೂಡಿಸಿ ಮಣ್ಣು ಕೊಡುವ ಹೊತ್ತಿಗೆ ಇಲ್ಲಿ ನಾನು ಮಿಷಿನ್ನಿಗೆ ಕಟ್ಟಿಕೊಂಡು ಮಲಗಿದ್ದೆ. ಹೆಂಡತಿಯನ್ನು ಕಳಿಸಿದ್ದೆ. ನಿಲ್ದಾಣದ ಡ್ರೈವರು, ಕಂಡಕ್ಟರುಗಳೆಲ್ಲ ಬಂದಿದ್ದರು ಎಂದು ಆಮೇಲೆ ಹೇಳಿದಳು. ಮಲಗಿದ್ದಲ್ಲೇ ಅತ್ತೆ. ಕಣ್ಣು ಒರೆಸಲು ಒಂದು ಕೈ ಖಾಲಿ ಇತ್ತು, ಸಾಕಾಗಲಿಲ್ಲ.

ಆಕೆಯ ಹಾಸಿಗೆಯಲ್ಲಿ ಆಗಲೇ ಹೊಸಬ ಬಂದಿದ್ದ. ಮೊದಲ ವಾರದವನು, ವಯಸ್ಸು ಮೂವತ್ತು ದಾಟಿರಲಾರದು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಸಿಸ್ಟರ್ ಬಂದು, "ಅಂಕಲ್, ಇವತ್ತ ಓದಂಗಿಲ್ಲೇನ್ರೀ?" ಎಂದು ಮೆಲ್ಲಗೆ ಕೇಳಿದಳು. ಓದಬಾರದೆಂದಿದ್ದೆ. ಆದರೆ ಮಂಗಳವಾರ ಮತ್ತೊಂದೀಟು ಓದ್ರಿ ಎಂದು ಅಕ್ಕ ಕೇಳಿದ್ದಳು. ಶನಿವಾರ ನಿಲ್ಲಿಸಿದ ಕಡೆಯಿಂದಲೇ, ಫೋನು ಬಂದ ಕಡೆಯಿಂದ, ಓದಿದೆ. ದನಿ ಎಲ್ಲಿ ಒಡೆಯಿತೋ ಅಲ್ಲಿ ನಿಂತು, ಮತ್ತೆ ಓದಿದೆ. ನಾಲ್ಕು ತಾಸು ಮುಗಿಯುತ್ತ ಬಂದಾಗ ಆ ಹುಡುಗ ಈ ಕಡೆ ತಿರುಗಿದ್ದ.

"ಯಾರ್ ಕೊಂದಾರ್ರಿ?" ಎಂದ.

ತಾತ ಕೇಳಿದ್ದ, ಅಕ್ಕ ಹೇಳಲಿಲ್ಲ. ಅಕ್ಕನಿಗೆ ಹೇಳಲು ಹೋದೆ, ಆಕೆ ಬೇಡವೆಂದಳು. ಇಬ್ಬರ ನಡುವೆ ನನಗೆ ಉಳಿದದ್ದು ಒಂದೇ ದಾರಿ.

"ಈಗಲೇ ಹೇಳ್ತೀನಪಾ. ಬ್ಯಾಡ ಅಂದ್ರ ಗುರುವಾರ ಹೇಳ್ತೀನಿ. ನಿನಗ ಹೆಂಗ ಬೇಕು ಹಂಗ" ಎಂದೆ.

ಅವನು ತನ್ನ ಕೈಯ ಸೂಜಿಗಳನ್ನು ನೋಡಿಕೊಂಡ. ಬಾಗಿಲ ಕಡೆ ನೋಡಿದ.

"ಗುರುವಾರ ಹೇಳ್ರಿ" ಎಂದ.