ಮೈಮೇಲೆ ಬಾರದ ದೇವಿ

ನಮ್ಮ ಮನೆಯವರ ಪಿಂಚಣಿ ತಪ್ಪಿಸಿದ್ದು ಸರಕಾರವಲ್ಲ, ನಮ್ಮ ಅತ್ತೆ. ಸರಕಾರ ಅವರು ಹೇಳಿದ್ದನ್ನು ಬರೆದುಕೊಂಡಿತು, ಅಷ್ಟೇ.

ಮನೆಯವರು ಪಲ್ಟಣಿಗೆ ಸೇರಿದ್ದು ಗಡಹಿಂಗ್ಲಜದ ಪಕ್ಕದ ನಮ್ಮ ಹಳ್ಳಿಯಿಂದ. ಚೀನಾದವರ ಯುದ್ಧ ಮುಗಿದ ಮೇಲೆ ಅವರನ್ನು ಮನೆಗೆ ಕಳಿಸಿದರು. ಕೈಕಾಲು ನೆಟ್ಟಗಿದ್ದವು. ತಲೆ ನೆಟ್ಟಗಿರಲಿಲ್ಲ. ಬಂದ ವಾರವೇ ಹಿತ್ತಿಲಲ್ಲಿ ಆಳುದ್ದ ತಗ್ಗು ತೋಡಿ ಅದರಲ್ಲಿ ಮಲಗಿದರು. ಅತ್ತೆ ಅದರ ಅಂಚಿಗೆ ಬದನೆ ಸಸಿ ಹಚ್ಚಿದರು. ಕಾಯಿ ಚೆನ್ನಾಗಿ ಬಿಟ್ಟವು.

ಆಗ ಊರಿನ ಸರಕಾರಿ ದಫ್ತರ ನೋಡುವ ತಲಾಠಿ ಪಿಂಚಣಿಯ ವಿಚಾರಣೆಗೆ ಬಂದ. ಈ ರೋಗ ಯಾವಾಗಿನಿಂದ ಎಂದು ಕೇಳಿದ. ನಾದಿನಿಗೆ ಗಡಹಿಂಗ್ಲಜದ ಗಂಡು ಗೊತ್ತಾಗುವುದರಲ್ಲಿತ್ತು. ಅಣ್ಣನಿಗೆ ಹುಚ್ಚು ಎಂದರೆ ತಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಅತ್ತೆ ಹೇಳಿದರು: "ರೋಗ ಅಲ್ರಿ. ಸಣ್ಣಾಂವ ಇದ್ದಾಗಿಂದ ಇವನ ಮೈಮ್ಯಾಲ ದೇವಿ ಬರತಾಳ." ತಲಾಠಿ ಬರೆದುಕೊಂಡ, ಹೆಬ್ಬೆಟ್ಟು ಒತ್ತಿಸಿಕೊಂಡ. ನಾದಿನಿಯ ಲಗ್ನವಾಯಿತು. ಪಿಂಚಣಿ ಆಗಲಿಲ್ಲ.

ಹೊಟ್ಟೆಪಾಡಿಗೆ ಇಚಲಕರಂಜಿಗೆ ಬಂದೆವು. ಮಗ್ಗದ ಕಾರಖಾನೆಯಲ್ಲಿ ಅಡ್ಡನೂಲನ್ನು ಕಾಂಡಿಗೆ, ಅಂದರೆ ಲಾಳಿಯೊಳಗಿನ ಸಣ್ಣ ಕೊಳವೆಗೆ, ಸುತ್ತುವ ಕೆಲಸ ನನಗೆ ಸಿಕ್ಕಿತು. ಮನೆಯ ಎರಡೂ ಬದಿಗೆ ಮಗ್ಗಗಳು, ಹಗಲೂ ರಾತ್ರಿ ಸದ್ದು. ಆ ಸದ್ದಿನಲ್ಲಿ ಮನೆಯವರು ಬಹುಮಟ್ಟಿಗೆ ತೆಪ್ಪಗಿರುತ್ತಿದ್ದರು. ಶುಕ್ರವಾರ ಮಾತ್ರ ಮೈ ನಡುಗುತ್ತಿತ್ತು, "ಲೇಟ್ ಜಾವ್!" ಎಂದು ಕೂಗಿ ನೆಲಕ್ಕೆ ಬೀಳುತ್ತಿದ್ದರು. ಓಣಿಯ ಹೆಂಗಸರಿಗೂ ಅತ್ತೆ ದೇವಿಯ ಕತೆಯನ್ನೇ ಹೇಳಿಟ್ಟಿದ್ದರು. ಶುಕ್ರವಾರ ದೇವಿಯ ವಾರ, ಕೇಳಬೇಕೆ? ತೆಂಗಿನಕಾಯಿ, ಕುಂಕುಮ ಹಿಡಿದು ಪ್ರಶ್ನೆ ಕೇಳಲು ಬರತೊಡಗಿದರು. ಮನೆಯವರು ಮಲಗಿಕೊಳ್ಳಿರೆಂದು ಹಿಂದಿಯಲ್ಲಿ ಕೂಗಿದರೆ ಅವರೂ ಉದ್ದಕ್ಕೆ ಬಿದ್ದು ನಮಸ್ಕರಿಸುತ್ತಿದ್ದರು. ಒಬ್ಬಳ ಕಳೆದುಹೋದ ಎಮ್ಮೆ ಮರುದಿನ ತಿರುಗಿ ಬಂತು. ಹಸಿದಿತ್ತು, ಬಂತು. ಹೆಸರು ದೇವಿಗೆ.

ಪಿಂಚಣಿ ಇಲ್ಲವೆಂದ ಇಂಗ್ಲಿಷ್ ಕಾಗದ ಪೆಟ್ಟಿಗೆಯಲ್ಲಿತ್ತು. ನನಗೆ ಬರುವುದು ಎರಡನೇ ಇಯತ್ತೆಯ ಕನ್ನಡ. ಒಂದು ದಿನ ಅದನ್ನು ಕೊಲ್ಲಾಪುರಕ್ಕೆ ಒಯ್ದೆ. ಅಲ್ಲಿ ಸಿಪಾಯಿಗಳ ಅರ್ಜಿ ಬರೆದುಕೊಡುವ ಒಬ್ಬ ಮುದಿ ಸುಭೇದಾರರಿದ್ದರು. ದತ್ತವಾಡದ ಕಡೆಯವರು, ಕನ್ನಡ ಬರುತ್ತಿತ್ತು.

"ತಂಗೀ, ಈ ರೋಗ ಪಲ್ಟಣ್ಯಾಗ ಬಂದದ್ದಲ್ಲ, ಮೊದಲಿಂದ ಐತಿ ಅಂತ ಬರದಾರ. ತಾಯೀನ ಹೇಳ್ಯಾಳಂತ, ಮೈಮ್ಯಾಲ ದೇವಿ ಬರತಾಳಂತ."

"ದೇವಿ ಬಂದಿಲ್ರಿ."

"ಮತ್ತ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ. ಅತ್ತಿ ಸುಳ್ಳ ಹೇಳ್ಯಾರ."

ಸುಭೇದಾರರು ಕನ್ನಡಕ ತೆಗೆದರು. "ಯಾವಾಗ ಯಾವಾಗ ಹಿಂಗಾಗತೈತಿ?"

"ಶುಕ್ರವಾರರಿ. ಅವತ್ತ ನಮ್ಮ ಓಣಿ ಮಗ್ಗಕ್ಕ ಸೂಟಿ."

"ಅಂದ್ರ ಸದ್ದ ಇರೂದಿಲ್ಲ." ಅವರು ಬರೆಯುವ ಕಾಗದ ಮುಂದಕ್ಕೆಳೆದುಕೊಂಡರು. "ಗುಂಡಿನ ಸದ್ದಿಗೆ ನಾವು ಅಂಜತಿರಲಿಲ್ಲ, ತಂಗೀ. ಅದು ನಿಂತ್ರ ಅಂಜತಿದ್ವಿ. ಮುಂದ ಏನ ಬೀಳತೈತೋ ಅಂತ. ಇದನ್ನೂ ಬರೀತೀನಿ. ಭರ್ತಿ ಮಾಡೂಮುಂದ ಡಾಕ್ಟರ ನೋಡಿ ಪಾಸ್ ಮಾಡಿದ್ದನ್ನೂ ಬರೀತೀನಿ. ಆದ್ರ ನಿಮ್ಮ ಅತ್ತಿ ಬಂದು ಇಲ್ಲಿ ಪಿಂಚಣಿ ಕಚೇರಿ ಸಾಹೇಬರ ಮುಂದ ಮಾತು ತಿರುಗಿಸಬೇಕು. ಅಪೀಲಿಗೆ ಮುದತ್ತ ಉಳದದ್ದು ಎರಡ ತಿಂಗಳು."

ಮನೆಗೆ ಬಂದು ಹೇಳಿದೆ. ಅತ್ತೆ ಒಪ್ಪಲಿಲ್ಲ.

"ದೇವಿ ಬಂದಿಲ್ಲಂತ ಹೇಳಿದ್ರ ದೇವಿ ಸಿಟ್ಟಾಗತಾಳ."

"ಬಂದಾಳಂತ ಸುಳ್ಳ ಹೇಳಿದಾಗ ಆಗಲಿಲ್ಲೇನ್ರಿ?"

"ನಾಲಿಗಿ ಭಾಳ ಉದ್ದ ಆಗೈತಿ ನಿಂದು. ಸುದ್ದಿ ಗಡಹಿಂಗ್ಲಜಕ್ಕ ಮುಟ್ಟಿ, ಮಗಳ್ನ ತಿರುಗಿ ಕಳಿಸಿದ್ರ? ನೀ ಸಾಕತೀಯೇನು?"

"ಈಗ ನಿಮ್ಮಿಬ್ಬರ್ನೂ ಯಾರ ಸಾಕಾಕತ್ತಾರ?"

ಆರು ವಾರ ಮಾತಿಲ್ಲ. ಅಡುಗೆ ಒಂದೇ ಒಲೆಯ ಮೇಲೆ, ಆದರೂ ಮಾತಿಲ್ಲ.

ಅದಾದ ಮೇಲಿನ ಶುಕ್ರವಾರ ಎದುರುಮನೆಯವಳು ಜ್ವರ ಬಂದ ಕೂಸನ್ನು ತಂದು ಮನೆಯವರ ತೊಡೆಯ ಮೇಲೆ ಹಾಕಿದಳು. ಓಣಿ ನಿಶ್ಶಬ್ದವಾಗಿತ್ತು. ಅವರು ಕೂಸನ್ನು ನೆಲಕ್ಕಿಳಿಸಿ, ಅದರ ಮೇಲೆ ಕಮಾನಿನ ಹಾಗೆ ಬಾಗಿ, ಬೀಳಲಿರುವುದೆಲ್ಲ ತನ್ನ ಬೆನ್ನ ಮೇಲೆ ಬೀಳಲಿ ಎನ್ನುವಂತೆ ಕಣ್ಣು ಮುಚ್ಚಿದರು. ನಡುಗುತ್ತಿದ್ದರು. ಧೋತರ ಒದ್ದೆಯಾಗಿತ್ತು. ಹೆಂಗಸರು "ಆಯೀ, ಆಯೀ" ಎಂದು ಕೈಮುಗಿದರು. ಒಬ್ಬಳು ಅವರ ಹಣೆಗೆ ಕುಂಕುಮ ಹಚ್ಚಿದಳು.

ಅತ್ತೆ ಎದ್ದು ಬಂದು ಸೆರಗಿನಿಂದ ಆ ಕುಂಕುಮ ಒರೆಸಿದರು. ಕೂಸನ್ನು ಎತ್ತಿ ತಾಯಿಗೆ ಕೊಟ್ಟರು. ಮಗನ ಧೋತರ ತಾವೇ ಬದಲಿಸಿದರು. ಸಂಜೆ ರೊಟ್ಟಿ ಬಡಿಯುತ್ತ ನನ್ನ ಕಡೆ ನೋಡದೆ ಕೇಳಿದರು: "ಕೊಲ್ಲಾಪುರದ ಬಸ್ ಎಷ್ಟೊತ್ತಿಗೈತಿ?"

ಸುಭೇದಾರರು ಸಾಹೇಬರನ್ನು ಕಾಣುವ ದಿನ ಗೊತ್ತುಮಾಡಿದರು. ಮುಂದಿನ ಗುರುವಾರ ಹೋದೆವು. ಸಾಹೇಬರು ಮರಾಠಿಯವರು. ಅತ್ತೆ ಕನ್ನಡದಲ್ಲಿ ಹೇಳಿದರು, ಸುಭೇದಾರರು ಮರಾಠಿ ಮಾಡಿದರು.

"ದೇವಿ ಬಂದಿಲ್ರಿ ಸಾಹೇಬ್ರ. ಹುಚ್ಚ ಅನ್ನಾಕ ಬಾಯಿ ಬರಲಿಲ್ಲ. ನಾ ನಿಮಗ ಕೊಟ್ಟಾಗ ಶ್ಯಾಣ್ಯಾ ಇದ್ದ. ನೀವು ತಿರುಗಿ ಕೊಟ್ಟಾಗ ಹಿಂಗಿದ್ದ."

ಸಾಹೇಬರು ಹಳೆಯ ಕಾಗದ ತಿರುವಿ ನೋಡಿದರು. ಇದೂ ನಿಮ್ಮದೇ ಹೆಬ್ಬೆಟ್ಟು, ಯಾವುದನ್ನು ನಂಬಲಿ ಎಂದರು.

"ಈಗಿಂದ ನಂಬ್ರಿ," ಎಂದರು ಅತ್ತೆ. "ಆವಾಗ ಮನ್ಯಾಗ ಲಗ್ನ ಇತ್ತು."

ಸಾಹೇಬರು ನಗಲಿಲ್ಲ. ಬರೆದುಕೊಂಡರು. ಅಪೀಲು ಮುದತ್ತಿನೊಳಗೆ ಹೋಯಿತು. ಉತ್ತರ ಬರಲು ಎರಡು ವರ್ಷ ಹಿಡಿಯಿತು. ಪಿಂಚಣಿ ಮಂಜೂರಾಯಿತು, ಪೂರ್ತಿಯಲ್ಲ. ನಾದಿನಿಯನ್ನು ಗಡಹಿಂಗ್ಲಜದವರು ತಿರುಗಿ ಕಳಿಸಲಿಲ್ಲ. ಕಳಿಸಿದ್ದರೆ ಅವರ ನಾಲ್ಕು ಎಮ್ಮೆ ಹಿಂಡುವವರು ಯಾರು?

ಅದೆಲ್ಲ ಆಮೇಲಿನ ಮಾತು. ಕೊಲ್ಲಾಪುರದಿಂದ ಬಂದ ಮರುದಿನವೇ ಶುಕ್ರವಾರ. ಬೆಳಿಗ್ಗೆ ಮಗ್ಗಗಳು ನಿಂತಿದ್ದವು. ಮನೆಯವರು ಆಗಲೇ ಮಂಚದ ಕೆಳಗೆ ಸೇರಿದ್ದರು. ಬಾಗಿಲಲ್ಲಿ ತೆಂಗಿನಕಾಯಿ ಹಿಡಿದ ಐದಾರು ಹೆಂಗಸರು.

"ಇಲ್ಲಿ ದೇವಿ ಇಲ್ಲ," ಎಂದೆ. "ನಮ್ಮ ಮನೆಯವರಿಗೆ ಬ್ಯಾನಿ ಐತಿ. ಯುದ್ಧದಾಗ ಬಂದದ್ದು. ಸಪ್ಪಳ ನಿಂತ್ರ ಅಂಜತಾರ."

"ಹಂಗಾರ ನನ್ನ ಎಮ್ಮಿ?" ಎಂದಳೊಬ್ಬಳು.

"ನಿನ್ನ ಎಮ್ಮಿಗೆ ದಾರಿ ಗೊತ್ತಿತ್ತು. ಕಾಯಿ ಮನ್ಯಾಗ ಇಟ್ಟು, ಒನಕಿ ಇದ್ರ ತಗೊಂಡ ಬಾ."

ಒರಳನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದು, ಮಂಚ ಕಾಣುವ ಹಾಗೆ ಇಟ್ಟು, ವರ್ಷದ ಮೆಣಸಿನಕಾಯಿ ಸುರುವಿ ಕುಟ್ಟಲು ಹತ್ತಿದೆ.