ನೈಋತ್ಯ ಮೂಲೆಯ ಸಮುದ್ರ

ಶಿವಮೊಗ್ಗದಲ್ಲಿ ಸಮುದ್ರ ಯಾಕೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಊರ ಪಕ್ಕದ ಸೋಗಾನೆಗೆ ವಿಮಾನ ಬಂದಾಗ ಯಾರೂ ಯಾಕೆ ಎಂದು ಕೇಳಲಿಲ್ಲ. ರವೀಂದ್ರನಗರದ ನಮ್ಮ ಮನೆಯ ಹಾಲ್‌ಗೆ ಒಂದು ಗಾಜಿನ ತೊಟ್ಟಿಯಷ್ಟು ಉಪ್ಪುನೀರು ಬಂದದ್ದೇ ತಡ, ಬಂದವರಿಗೆಲ್ಲ ಕಾರಣ ಬೇಕಾಯಿತು. ಗಂಡಸರು ಕ್ರಿಕೆಟ್ ನೋಡುತ್ತಾ ಭಾನುವಾರ ಕಳೆದರೆ ಅದಕ್ಕೆ ಕಾರಣ ಬೇಡ. ಮದುವೆಯಾಗದ ಹೆಂಗಸು ಮೀನು ಸಾಕಿದರೆ ಅದಕ್ಕೊಂದು ಕಥೆ ಕಟ್ಟುತ್ತಾರೆ.

ತೊಟ್ಟಿಯಲ್ಲಿ ಹವಳಗಳಿವೆ, ಗಾಜು ನೆಕ್ಕುವ ಬಸವನಹುಳುಗಳಿವೆ. ಯಜಮಾನಿಕೆ ಮಾತ್ರ ರಾಸ್ ಎಂಬ ಜಾತಿಯ ಒಂದು ಹಳದಿ ಕಡಲ ಮೀನಿನದು. ಬೆರಳುದ್ದ ಇದೆ, ಹಟ ಮೊಳದುದ್ದ. ಕತ್ತಲಾಗುವ ಮೊದಲೇ ಮರಳಿನೊಳಗೆ ನುಗ್ಗಿ ಮಲಗುತ್ತದೆ, ಹಾಗಾಗಿ ಮರಳು ನುಣ್ಣಗೆ ಇರಬೇಕು, ಒರಟಾದರೆ ಮೈ ತರಚುತ್ತದೆ. ಬೆದರಿದರೆ ನೀರಿನಿಂದ ಹಾರಿ ನೆಲಕ್ಕೆ ಬೀಳುತ್ತದೆ, ಅದಕ್ಕೇ ಮೇಲೆ ಬಲೆ ಬಿಗಿದಿದ್ದೇನೆ. ಹೊಟ್ಟೆಗೆ ಒಂದೇ ಸಲ ಸುರಿದರೆ ಆಗದು, ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಬೇಕು. ಅದೂ ಸಿಗಡಿ. ಹಬ್ಬ ಬಂದರೆ ಈರುಳ್ಳಿಯನ್ನೂ ಹೊರಗಿಡುವ ಮನೆ ನಮ್ಮದು. ಹೀಗಾಗಿ ಸ್ಕೂಟರ್ ನಿಲ್ಲಿಸುವ ಶೆಡ್ಡಿನಲ್ಲಿ ಮೀನಿಗೆಂದೇ ಒಂದು ಪುಟ್ಟ ಫ್ರಿಜ್ ಇಟ್ಟೆ. ಸಿಗಡಿ ಮುಟ್ಟಿದ ಕೈಯನ್ನು ಹೊರಗಿನ ನಲ್ಲಿಯಲ್ಲಿ ತೊಳೆದೇ ಒಳಗೆ ಬರಬೇಕೆನ್ನುವುದು ಅಮ್ಮನ ಶರತ್ತು. ನಾನು ಭದ್ರಾವತಿಯ ಶಾಲೆಗೆ ವಿಜ್ಞಾನ ಕಲಿಸಲು ಹೋದಾಗ ಮಧ್ಯಾಹ್ನ ಮೀನಿಗೆಂದೇ ಸಿಗುವ ಒಣ ಕಾಳು ಹಾಕುವವಳು ಅವಳೇ. "ತಿನ್ನು ಶನಿಯೇ" ಎನ್ನುತ್ತಲೇ ಹಾಕುತ್ತಾಳೆ.

ದೊಡ್ಡಮ್ಮನ ಮನೆ ಆಲ್ಕೊಳದಲ್ಲಿ. ಅಮ್ಮನ ಅಕ್ಕ. ನನ್ನ ವಯಸ್ಸನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡವಳು. ತೊಟ್ಟಿ ಬಂದ ದಿನದಿಂದ ಅವಳದು ಒಂದೇ ರಾಗ.

"ನೈಋತ್ಯದಲ್ಲಿ ಯಾರಾದ್ರೂ ನೀರಿಡ್ತಾರಾ ಮಾರಾಯ್ತಿ? ಅದಕ್ಕೇ ನಿನಗೆ ಗಂಡು ಕೂಡಿ ಬರ್ತಿಲ್ಲ."

"ತೊಟ್ಟಿ ಬಂದು ಎರಡು ವರ್ಷ ಆಯ್ತು ದೊಡ್ಡಮ್ಮ. ಅದಕ್ಕೂ ಮುಂಚೆ ಮನೆ ಮುಂದೆ ಗಂಡುಗಳು ಕ್ಯೂ ನಿಂತಿದ್ರಾ?"

ಆ ಮೂಲೆಯಲ್ಲಿ ಕಿಟಕಿಯಿಲ್ಲ, ಬಿಸಿಲು ಬೀಳುವುದಿಲ್ಲ, ನೀರು ಕಾಯುವುದಿಲ್ಲ. ಅದಕ್ಕಿಂತ ದೊಡ್ಡ ಶಾಸ್ತ್ರ ನನಗೆ ಗೊತ್ತಿಲ್ಲ. ತೊಟ್ಟಿ ಅಲ್ಲಾಡುವುದಿಲ್ಲ ಎಂದೆ. ದೊಡ್ಡಮ್ಮ ಸುಮ್ಮನಾದಳು. ಅವಳು ಸುಮ್ಮನಾದರೆ ಎಚ್ಚರವಾಗಿರಬೇಕೆಂದು ನಮ್ಮ ಮನೆಯವರಿಗೆಲ್ಲ ಗೊತ್ತು, ಆದರೂ ನಾನು ಮೈಮರೆತೆ.

ಕಾರ್ತೀಕದಲ್ಲಿ ಅವಳು ಕೆಲವು ದಿನ ನಮ್ಮಲ್ಲಿ ಉಳಿದು ಹೋದಳು. ಅವಳು ಹೋದ ಮೇಲೆ ಬಸವನಹುಳುಗಳು ಗಾಜಿನಿಂದ ಕಳಚಿ ಬೀಳತೊಡಗಿದವು. ಹವಳಗಳು ಮುದುಡಿದವು. ನೀರಿನ ಉಪ್ಪು ನೋಡಿದೆ, ಬಿಸಿ ನೋಡಿದೆ, ಎಲ್ಲ ಸರಿಯಾಗಿಯೇ ಇತ್ತು. ಒಂದಷ್ಟು ನೀರು ಬದಲಿಸಿದರೂ ಗುಣ ಕಾಣಲಿಲ್ಲ. ಆಮೇಲೆ ರಾಸ್ ಮೀನು ಬಾಯಿಗೆ ತೆಗೆದುಕೊಂಡ ಸಿಗಡಿಯನ್ನು ಉಗುಳಿತು. ಕಿವಿರು ಪಟಪಟ ಬಡಿಯುತ್ತಿತ್ತು. ಸಂಜೆ ತನ್ನ ಮಾಮೂಲು ಮೂಲೆಗೆ ಹೋಗಿ, ಮರಳಿಗೆ ಮೂತಿ ಇಟ್ಟು, ಹಿಂದೆ ಸರಿದು, ಬೇರೆ ಕಡೆ ಹೋಗಿ ಹೂತುಕೊಂಡಿತು.

ಆ ಮೂಲೆಗೆ ಕೈ ಹಾಕಿದೆ. ಬೆರಳಿಗೆ ಲೋಹ ತಗುಲಿತು. ಎಳೆದರೆ ಅಂಗೈ ಅಗಲದ ತಾಮ್ರದ ತಗಡು, ಅದರ ಮೇಲೆ ಕೊರೆದ ಯಂತ್ರ, ಅಂಚಿನ ತುಂಬ ಹಸಿರು ಕಿಲುಬು.

ತಾಮ್ರವೆಂದರೆ ನಮಗೆ ಶುದ್ಧ. ತೀರ್ಥಕ್ಕೆ ಅದೇ ಬಟ್ಟಲು, ಬೆಳಿಗ್ಗೆ ಕುಡಿಯುವ ನೀರಿಗೆ ಅದೇ ಚೊಂಬು. ಉಪ್ಪುನೀರಿನಲ್ಲಿ ಅದೇ ತಾಮ್ರ ಕರಗುತ್ತಾ ಹೋಗಿ ಬಸವನಹುಳುವಿಗೆ, ಹವಳಕ್ಕೆ ವಿಷವಾಗುತ್ತದೆ, ಹೆಚ್ಚಾದರೆ ಮೀನಿಗೂ. ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ, ತೆಗ್ದೇಬಿಟ್ಯಾ? ಒಂದು ಮಂಡಲ ಇರ್ಬೇಕಿತ್ತು! ನೀರಿನ ತಳದ ಮಣ್ಣಲ್ಲಿ ಹೂತಿಡಿ ಅಂದಿದ್ರು ವಾಸ್ತುದವ್ರು. ಪೂಜೆ ಮಾಡ್ಸಿ ತಂದಿದ್ದೆ ಕಣೇ."

ಸಿಟ್ಟಿನಲ್ಲಿ ಫೋನ್ ಇಟ್ಟೆ.

ಮೀನನ್ನು ಆ ನೀರಿನಿಂದ ತಕ್ಷಣ ಹೊರಗೆ ತರಬೇಕಿತ್ತು. ಎಚ್ಚರವಿರುವ ರಾಸ್ ಮೀನನ್ನು ಹಿಡಿಯುವುದು ಯಾರ ಕೈಲೂ ಆಗದ ಕೆಲಸ, ಮಲಗಿದ್ದನ್ನು ಮರಳಿನ ಸಮೇತ ಡಬ್ಬಿಯಲ್ಲಿ ಮೊಗೆಯಬಹುದು. ಹಾಗೇ ಮೊಗೆದು, ಹೊಸದಾಗಿ ಕಲಸಿಟ್ಟ ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟು, ಮುಚ್ಚಳ ಹಾಕಿ, ಬ್ಯಾಟರಿಯ ಗಾಳಿ ಪಂಪು ಸಿಕ್ಕಿಸಿ ಭದ್ರಾವತಿ ಬಸ್ಸು ಹತ್ತಿದೆ. ನನ್ನ ಜೊತೆ ಗಣಿತ ಕಲಿಸುವ ಗೆಳತಿಯ ಮನೆ ಅಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದೆ. ನಾನು ಹೊಸ ಮೀನು ತಂದಾಗಲೆಲ್ಲ ರೋಗ ಇಲ್ಲವೆಂದು ಖಾತ್ರಿಯಾಗುವವರೆಗೆ ಬೇರೆ ಇಡುವ ತೊಟ್ಟಿ ಅವಳ ವರಾಂಡದಲ್ಲಿತ್ತು.

"ಏನ್ ಮೇಡಂ ಅದು, ಗುರ್ ಅಂತಿದೆ?" ಎಂದ ಕಂಡಕ್ಟರ್.

"ಮೀನು. ಹುಷಾರಿಲ್ಲ."

"ಅದಕ್ಕೂ ಟಿಕೆಟ್ ಕೊಡ್ಲಾ?" ಎಂದು ನಕ್ಕ. ನಾನು ನಗಲಿಲ್ಲ.

ಗೆಳತಿಯ ಮನೆಯ ತೊಟ್ಟಿಯಲ್ಲಿ ಐಸ್‌ಕ್ರೀಮ್ ಡಬ್ಬಿಯ ತುಂಬ ಹೊಸ ಮರಳು ಇಟ್ಟೆವು. ಮರಳಿಲ್ಲದಿದ್ದರೆ ಅದು ಭಯಕ್ಕೇ ಸಾಯುತ್ತದೆ. ಮೀನು ಅದರೊಳಗೆ ಹೊಕ್ಕಿತು, ಮರುದಿನ ಮೇಲೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ಹೋಯ್ತು ಅನ್ಸತ್ತೆ ಮಾರಾಯ್ತಿ. ಕೆದಕಿ ನೋಡ್ಲಾ?" ಎಂದಳು ಗೆಳತಿ.

"ಕೈ ಹಾಕಿದ್ರೆ ನೋಡು! ಅದು ಬರೋವಾಗ ಬರುತ್ತೆ."

ಧೈರ್ಯದಿಂದ ಹೇಳಿದೆ, ಒಳಗೊಳಗೇ ನನಗೂ ನಂಬಿಕೆ ಇರಲಿಲ್ಲ. ಇಲ್ಲಿ ಮನೆಯಲ್ಲಿ ಆ ಮೂಲೆಯ ಮರಳನ್ನೆಲ್ಲ ತೆಗೆದು ಎಸೆದೆ, ದಿನಾ ನೀರು ಬದಲಿಸಿದೆ, ತಾಮ್ರ ಹೀರಿಕೊಳ್ಳಲೆಂದು ಇದ್ದಿಲಿನ ಚೀಲ ಇಳಿಬಿಟ್ಟೆ. ಅಮ್ಮ ಕೇಳದೆಯೇ ಬಕೆಟ್ಟು ಎತ್ತಿಕೊಟ್ಟಳು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೆಳತಿಯ ಮನೆಗೆ ಓಡಿದಾಗ ಮರಳಿನಿಂದ ಎರಡು ಕಣ್ಣು ಮಾತ್ರ ಹೊರಗಿದ್ದವು. ಸಿಗಡಿಯ ಚೂರು ಬಿಟ್ಟೆ. ಹೊರಬಂದು ನುಂಗಿತು, ಉಗುಳಲಿಲ್ಲ. ಆ ವರಾಂಡದಲ್ಲಿ ನಿಂತು ಅತ್ತುಬಿಟ್ಟೆ.

ಚೇತರಿಸಿಕೊಂಡ ಮೀನನ್ನು ಬಕೆಟ್ಟಿನಲ್ಲಿ ಮನೆಗೆ ತಂದ ಭಾನುವಾರವೇ ದೊಡ್ಡಮ್ಮ ಆಟೋದಲ್ಲಿ ಬಂದಳು. ಮುಖ ಅರಳಿತ್ತು. ತೀರ್ಥಹಳ್ಳಿ ಕಡೆಯ ಒಂದು ಸಂಬಂಧ ತಾನಾಗಿ ಕೇಳಿಕೊಂಡು ಬಂದಿದೆಯಂತೆ. ಹುಡುಗ ಅಧಿಕಾರಿ, ಮನೆಯವರು ಶಾಸ್ತ್ರ ಬಲ್ಲವರು.

"ನೋಡಿದ್ಯಾ, ತಗಡು ಇಟ್ಟ ಮೇಲೆ ಬಂದಿದ್ದು. ಅವ್ರು ಬಂದು ಹೋಗೋವರೆಗಾದ್ರೂ ಅದನ್ನ ವಾಪಸ್ ಇಡು. ಇಲ್ಲಾ ತೊಟ್ಟೀನೇ ತೆಗಿ. ನೈಋತ್ಯದಲ್ಲಿ ನೀರು ನೋಡಿದ್ರೆ ಅವ್ರು ಕಾಫಿನೂ ಕುಡಿಯೋಲ್ಲ."

"ಇಡಲ್ಲ. ತೆಗೆಯೋದೂ ಇಲ್ಲ."

"ಮೀನು ಇನ್ನೊಂದು ತರಬಹುದು ಕಣೇ!"

"ಗಂಡೂ ಇನ್ನೊಬ್ಬ ಬರಬಹುದು."

ದೊಡ್ಡಮ್ಮನ ಕಣ್ಣು ತುಂಬಿತು. ಜಗಳಕ್ಕೆ ಸಿದ್ಧಳಾಗಿದ್ದೆ, ಅಳುವಿಗೆ ಇರಲಿಲ್ಲ. "ನಾನು, ನಿಮ್ಮಮ್ಮ ಎಷ್ಟು ದಿನ ಇರ್ತೀವಿ? ಆಮೇಲೆ ನಿನಗೆ ಯಾರೇ?" ಎಂದಳು.

"ನನಗೂ ಭಯ ಇದೆ ದೊಡ್ಡಮ್ಮ. ಇಲ್ಲ ಅಂತ ಹೇಳಲ್ಲ. ಆದ್ರೆ ನನ್ನ ಭಯಕ್ಕೆ ಔಷಧಿ ಅಂತ ನಾನು ಸಾಕಿದ್ದನ್ನ ಕೊಲ್ಲಬೇಡ. ಇದನ್ನ ತೆಗೆದ್ರೆ ಮಾತ್ರ ನಾನು ಬೇಕು ಅನ್ನೋರಿಗೆ ನಾನು ಬೇಡ."

ಬಕೆಟ್ಟಿನ ಮುಚ್ಚಳ ತೆಗೆದು ಮೀನನ್ನು ತೊಟ್ಟಿಗೆ ಬಿಟ್ಟೆ. ಅದು ಒಂದು ಸುತ್ತು ಹೊಡೆದು ಹೊಸ ಮರಳಿಗೆ ನುಗ್ಗಿತು. ದೊಡ್ಡಮ್ಮ ಗಾಜಿನ ಹತ್ತಿರ ಬಂದು, ಅದು ಮಾಯವಾದ ಜಾಗವನ್ನು ಬಹಳ ಹೊತ್ತು ನೋಡಿದಳು. "ಇಲ್ಲೇ ಇಟ್ಟಿದ್ದೆ" ಎಂದಳು.

ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ಫೋನ್ ತೆಗೆದಳು. ತೀರ್ಥಹಳ್ಳಿಯವರಿಗೇ ಹಚ್ಚಿದಳು. ನಾನು ತಡೆಯುವ ಮೊದಲೇ, ಹರಿಕಥೆಯವರಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಮೊದ್ಲೇ ಹೇಳ್ಬಿಡ್ತೀನಿ. ನಮ್ಮ ಹುಡುಗಿ ನೈಋತ್ಯದಲ್ಲಿ ನೀರಿಟ್ಟಿದಾಳೆ. ಅದು ಅಲ್ಲೇ ಇರತ್ತೆ. ಒಪ್ಪಿಗೆ ಇದ್ರೆ ಬನ್ನಿ."