ಸೊಟ್ಟಗಿದ್ದ ಗೆರೆ

೧೯೧೪ರಲ್ಲಿ, ಕನ್ನಡ ನಾಲ್ಕನೆಯ ಇಯತ್ತೆಗೆ, ನನ್ನ ಓದು ನಿಂತಿತು. ಆಮೇಲೆ ನಾನು ಕಲಿತದ್ದೆಲ್ಲ ಹಿತ್ತಾಳೆ ಕೆಲಸ. ಪುಣೆಯ ಕಾಲೇಜಿನ ಮಾಸ್ತರರೊಬ್ಬರು ಸೂರ್ಯನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಯಂತ್ರಕ್ಕೆ ಕೂದಲೆಳೆಯಷ್ಟು ಸಣ್ಣ ಸೀಳೊಂದನ್ನು ನನ್ನಿಂದ ಮಾಡಿಸಿದ್ದರು. ಅದನ್ನು ಕೂಡಿಸಿ ಕೊಡಲು ನಾನೇ ಬೆಳಗಾವಿಯಿಂದ ಬಂದೆ.

ಮಾಸ್ತರರು ಧಾರವಾಡದ ಕಡೆಯವರು. ಕನ್ನಡಿಯಿಂದ ಸೂರ್ಯನ ಬಿಂಬವನ್ನು ಸೀಳಿನ ಮೇಲೆ ಬೀಳಿಸಿ, "ನೋಡ್ರಿ ಮಿಸ್ತ್ರಿ," ಎಂದರು. ಕೆಂಪು ಬಣ್ಣದ ನಡುವೆ ದಪ್ಪನೆಯ ಕಪ್ಪು ಗೆರೆಯೊಂದು ನಿಂತಿತ್ತು. ಆದರೆ ಒಂದು ಕಡೆ ಅದು ಸೊಟ್ಟಗಾಗಿ ಬದಿಗೆ ಉಬ್ಬಿತ್ತು. ಸೀಳು ಹೇಗಿದೆಯೋ ಗೆರೆಯೂ ಹಾಗೆಯೇ ಬೀಳುತ್ತದೆ. ಸೀಳಿನ ಅಂಚು ಡೊಂಕಾಗಿದ್ದರೆ ಪುಣೆಯವರು ಇನ್ನು ನನಗೆ ಕೆಲಸ ಕೊಡುವುದುಂಟೇ? ಕಳಚಲು ಕೈ ಹಾಕಿದೆ.

"ಅಯ್ಯ, ಕೈ ತಗೀರಿ! ಏನ್ ಮಾಡ್ಲಿಕ್ಕತ್ತೀರಿ?"

"ಗೆರಿ ಸೊಟ್ಟ ಅದರಿ. ಅಂಚು ಮತ್ತೊಮ್ಮೆ ಉಜ್ಜಿ ಕೊಡ್ತೀನ್ರಿ."

ಅವರು ಜೋರಾಗಿ ನಕ್ಕರು. "ಸೂರ್ಯನ್ನ ಉಜ್ಜತೀರೇನು? ಬಾಜೂದ ಸಣ್ಣ ಗೆರಿ ನೋಡ್ರಿ, ಅವು ನಮ್ಮ ಗಾಳಿಯೊಳಗಿನ ತೇವದ್ದು. ಅಂಚು ಡೊಂಕಿದ್ರ ಅವೂ ಡೊಂಕಾಗ್ತಿದ್ವು."

ಅವು ನೂಲು ಹಿಡಿದಂತೆ ನೆಟ್ಟಗಿದ್ದವು.

"ಮತ್ತ ಇದ್ಯಾಕ್ರಿ ಹಿಂಗ?"

"ದಪ್ಪ ಗೆರಿ ಸೂರ್ಯನ ಮ್ಯಾಲಿನ ಗ್ಯಾಸಿಂದು. ಉಬ್ಬಿದಲ್ಲಿ ಆ ಗ್ಯಾಸು ನಮ್ಮ ಕಡೆ ಓಡಿ ಬರ್ಲಿಕ್ಕತ್ತದ. ಹತ್ರ ಬಂದ್ರ ಗೆರಿ ನೇರಳೆ ಕಡೆ ಸರೀತದ, ದೂರ ಹೋದ್ರ ಕೆಂಪು ಕಡೆ. ಎಷ್ಟು ಸರೀತು ಅಂತ ಅಳದ್ರ, ಎಷ್ಟು ಜೋರು ಓಡ್ತದ ಅಂತ ತಿಳೀತದ."

ಮತ್ತೆ ಯಂತ್ರಕ್ಕೆ ಕಣ್ಣಿಟ್ಟೆ. ಸ್ವಲ್ಪ ಹೊತ್ತಿಗೆ ಉಬ್ಬು ತಗ್ಗಿ, ಗೆರೆ ತಾನಾಗಿಯೇ ನೆಟ್ಟಗಾಯಿತು. ಹಿತ್ತಾಳೆಯನ್ನು ಯಾರೂ ಮುಟ್ಟಿರಲಿಲ್ಲ.

ಸ್ಟೇಶನ್ನಿನಲ್ಲಿ ಚಹಾ ಕುಡಿಯುತ್ತ ಇದನ್ನು ಬರೆಯುತ್ತಿದ್ದೇನೆ. ನನ್ನಲ್ಲಿ ಈಗಿರುವುದು ಒಂದು ಬಾಡಿಗೆ ಅಂಗಡಿ, ಹಿತ್ತಾಳೆ ಕಡೆಯುವ ಒಂದು ಲೇತು, ಮಾಸ್ತರರು ಮಾಡಿಕೊಡಲು ಹೇಳಿದ ಇನ್ನೆರಡು ಸೀಳುಗಳ ಕೆಲಸ.